ಸಾಂಬಾರು ಕೇಸಿನ ಕಾಣೆಯಾದ ಕಾರಣ

ನಾಲ್ಕು ದೇಶಗಳಲ್ಲಿ ಮನೆ ಹೂಡಿ ಮನೆ ಕಿತ್ತವಳು ನಾನು. ತಮಾಷೆ ಎಲ್ಲ ಕಡೆಯೂ ನಡೆಯುತ್ತದೆ. ಆದರೆ ಕೊಚ್ಚಿಯ ಆ ವಕೀಲರ ಆಫೀಸಿನಲ್ಲಿ ನಡೆದಷ್ಟು ಗಂಭೀರವಾಗಿ ಎಲ್ಲೂ ನಡೆದದ್ದು ಕಾಣೆ. ಕಾಸರಗೋಡಿನಿಂದ ಬರುವ ಕನ್ನಡ ಕಾಗದಗಳನ್ನು ಇಂಗ್ಲಿಷಿಗೆ ಮಾಡುವುದು, ಕನ್ನಡದ ಕಕ್ಷಿಗಾರರಿಗೆ ಇಂಗ್ಲಿಷ್ ತೀರ್ಪುಗಳನ್ನು ಓದಿ ಹೇಳುವುದು ನನ್ನ ಕೆಲಸ. ಇದ್ದದ್ದು ಮೂರೇ ವರ್ಷ. ಈಗ ಇನ್ನೊಂದು ಊರಿನಲ್ಲಿ ಕೂತು ಆ ದಿನಗಳನ್ನು ನೆನೆದರೆ ಮೂಗಿಗೆ ಬರುವುದು ಫೈಲಿನ ಧೂಳಲ್ಲ, ಸಾಂಬಾರಿನ ಘಮ.

ಕುಂಬಳೆ ಕಡೆಯ ಅಡುಗೆಯವರೊಬ್ಬರು ತಿರುವನಂತಪುರದ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದಿದ್ದರು. ಮಲಯಾಳ ಅಡುಗೆಮನೆಯ ಮಟ್ಟಿಗೆ ಬರುತ್ತಿತ್ತು, ಕೋರ್ಟಿನ ಮಾತಿಗೆ ಕನ್ನಡವೇ ಆಗಬೇಕಿತ್ತು. ಪಕ್ಕದಲ್ಲಿ ಬಾಳೆಹಣ್ಣಿನ ಪಳಂಪೊರಿ ಕರಿಯುವ ಅಂಗಡಿಯವನು ಒಂದು ದಿನ ಊಟಕ್ಕೆ ಬಂದಾಗ ಇವರೊಂದಿಗೆ ಜಗಳವಾಯಿತು. ಕುದಿಯುವ ಸಾಂಬಾರನ್ನು ತನ್ನ ಮೈಮೇಲೆ ಸುರಿದರೆಂದು ಅವನು ದೂರು ಕೊಟ್ಟ. ಅವನೇ ಕೈ ಬೀಸಿ ಪಾತ್ರೆ ಉರುಳಿಸಿದ ಎನ್ನುವುದು ಇವರ ಮಾತು. ಸೆಷನ್ಸ್ ಕೋರ್ಟು ಮೂರು ವರ್ಷ ಜೈಲು ಎಂದಿತು. ಅಪೀಲು ಹಾಕಲೆಂದು ಅದೇ ಕೋರ್ಟು ಜಾಮೀನು ಕೊಟ್ಟಿತ್ತು. ಅಪೀಲು ಸೋತರೆ ಜೈಲೇ ಗತಿ.

ಹುಡುಕಾಟ

ತೀರ್ಪು ಹನ್ನೊಂದು ಪುಟ. ಹತ್ತು ಪುಟದಲ್ಲಿ ಯಾವ ಸಾಕ್ಷಿ ಏನೆಂದ ಅನ್ನುವುದಿತ್ತು. ಹನ್ನೊಂದನೆಯದರಲ್ಲಿ ಒಂದೇ ಸಾಲು: ಎಲ್ಲವನ್ನೂ ಪರಿಶೀಲಿಸಲಾಗಿ ಆರೋಪ ರುಜುವಾತಾಗಿದೆ. ಯಾರ ಮಾತು ನಂಬಿದರು, ಯಾಕೆ ನಂಬಿದರು ಎಂಬುದಿಲ್ಲ. ನಮ್ಮ ಸೀನಿಯರ್ ವಕೀಲರು ಕನ್ನಡಕ ಒರೆಸಿ ಒರೆಸಿ ಓದಿದರು. ಜೆರಾಕ್ಸಿನಲ್ಲಿ ಪುಟ ಬಿಟ್ಟುಹೋಗಿರಬೇಕು ಎಂದು ಕೊನೆಗೆ ನನ್ನನ್ನೇ ತಿರುವನಂತಪುರಕ್ಕೆ ಓಡಿಸಿದರು. ಬೆಳಗಿನ ರೈಲು ಹತ್ತಿ, ಕೋರ್ಟಿನ ನಕಲು ವಿಭಾಗದ ಎದುರು ಬೆವರುತ್ತ ನಿಂತೆ. ಅಲ್ಲಿಯ ಗುಮಾಸ್ತ ಮೂಲ ಫೈಲು ತೆಗೆದು, ಬೆರಳಿಗೆ ಎಂಜಲು ಹಚ್ಚಿ, ಎರಡು ಸಲ ಎಣಿಸಿದ.

"ಪುಟ ಎಲ್ಲ ಇದೆ ಚೇಚಿ. ಕಾರಣ ಬೇಕಿದ್ದರೆ ಸಾಹೇಬರನ್ನೇ ಕೇಳಬೇಕು. ಅವರಿಗೆ ವರ್ಗವಾಗಿದೆ."

ನಮ್ಮ ಕಾರಣ

ಅಡುಗೆಯವರು ಕೊಚ್ಚಿಗೆ ಬಂದಾಗಲೆಲ್ಲ ಸ್ಟೀಲಿನ ಡಬ್ಬದಲ್ಲಿ ಏನಾದರೂ ತರುತ್ತಿದ್ದರು. ಅಪೀಲು ಬರೆಯುವ ದಿನ ತಂದದ್ದು ಗೋಳಿಬಜೆ. ಅದನ್ನು ತಿನ್ನುತ್ತ, ಜಡ್ಜು ಕಾರಣ ಬರೆದಿಲ್ಲ ಎನ್ನುವುದೇ ನಾವು ಅಪೀಲಿನಲ್ಲಿ ಕೊಡುವ ಕಾರಣ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ನಾನು ತಪ್ಪು ಮಾಡಲಿಲ್ಲ ಅಂತ ಬರೆಯುವುದಿಲ್ಲವಾ ಎಂದು ಕೇಳಿದರು. ಅದೂ ಇದೆ, ಎರಡನೆಯದಾಗಿ ಇದೆ ಎಂದೆ. ಡಬ್ಬವನ್ನು ನನ್ನ ಕಡೆ ಸರಿಸಿದರು.

"ಅಲ್ಲ ಅಕ್ಕಾ, ಹುಳಿ ಯಾಕೆ ಜಾಸ್ತಿ ಹಾಕಿದೆ ಅಂತ ನನ್ನ ಹತ್ತಿರ ದಿನಾ ಹತ್ತು ಜನ ಕೇಳ್ತಾರೆ, ನಾನು ಹೇಳ್ತೇನೆ. ಜಡ್ಜಿನ ಹತ್ತಿರ ಯಾರೂ ಕೇಳುವುದಿಲ್ಲವಾ?"

ಸೀನಿಯರ್‌ಗೆ ಮಲಯಾಳದಲ್ಲಿ ಹೇಳಿದೆ. ಅವರು ಬರೆಯುವುದು ನಿಲ್ಲಿಸಿ, ಅಪೀಲನ್ನು ಇವರ ಕೈಯಲ್ಲೇ ಬರೆಸೋಣವಾ ಎಂದರು.

ಹೈಕೋರ್ಟಿನಲ್ಲಿ

ಹದಿನಾಲ್ಕು ಸಲ ಮುಂದಕ್ಕೆ ಹೋದ ಮೇಲೆ ನಮ್ಮ ಸರದಿ ಬಂತು. ಅಷ್ಟರಲ್ಲಿ ಅಡುಗೆಯವರಿಗೆ ಕೊಚ್ಚಿಯ ಬೋಟುಗಳ ವೇಳೆಯೆಲ್ಲ ಬಾಯಿಪಾಠವಾಗಿತ್ತು. ನಾವಿಬ್ಬರೂ ಫೋರ್ಟ್ ಕೊಚ್ಚಿಗೆ ಹೋಗಿ ಬಂದದ್ದೇ ಐದು ಸಲ. ಆ ಸಂಜೆಗಳು ಇಂದಿಗೂ ಬೇಕೆನಿಸುತ್ತವೆ. ಅಲ್ಲಿಯ ಮೀನಿನ ಬಲೆ ನೋಡುವುದನ್ನು ಬಿಟ್ಟು ಅವರು ಹೋಟೆಲುಗಳ ಬಾಗಿಲಲ್ಲಿ ನಿಂತು ಒಗ್ಗರಣೆ ಮೂಸುತ್ತಿದ್ದರು.

ನ್ಯಾಯಮೂರ್ತಿಗಳು ತೀರ್ಪು ತಿರುವಿಹಾಕಿ, ಕಾರಣ ಎಲ್ಲಿದೆ ತೋರಿಸಿ ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಅವರು ಪುಟ ಮಗುಚಿದರು, ಮತ್ತೆ ಮಗುಚಿದರು, ಕಾರಣ ಒಳಗೇ ಅಡಗಿದೆ ಸ್ವಾಮಿ ಎಂದರು. ಹಾಗಾದರೆ ಅಡಗಿದ್ದನ್ನು ಗಟ್ಟಿಯಾಗಿ ಓದಿ ಎಂದರು ನ್ಯಾಯಮೂರ್ತಿಗಳು. ಸರ್ಕಾರಿ ವಕೀಲರು ಕೂತುಬಿಟ್ಟರು. ಶಿಕ್ಷೆ ರದ್ದು, ಸೆಷನ್ಸ್ ಕೋರ್ಟು ಕಾರಣ ಸಮೇತ ಹೊಸ ತೀರ್ಪು ಬರೆಯಲಿ ಎಂದು ಆದೇಶವಾಯಿತು.

ಗೆದ್ದ ಖುಷಿಯಲ್ಲಿ ವರಾಂಡದಲ್ಲೇ ಆದೇಶವನ್ನು ಕನ್ನಡದಲ್ಲಿ ಹೇಳಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಅಡುಗೆಯವರ ಮುಖ ಬಾಡಿತು.

"ಇವರೂ ಗಿಡ್ಡವೇ ಬರೆದದ್ದಲ್ಲವಾ ಅಕ್ಕಾ. ಇದರ ಮೇಲೆ ಯಾರಾದರೂ ಅಪೀಲು ಹಾಕಿದರೆ?"

ಮೂವತ್ತೆರಡು ಪುಟ

ತಿರುವನಂತಪುರದಲ್ಲಿ ಈಗ ಹೊಸ ಜಡ್ಜು. ಆಕೆ ಎರಡೂ ಕಡೆಯ ವಾದವನ್ನು ಮೊದಲಿನಿಂದ ಕೇಳಿ ಮೂವತ್ತೆರಡು ಪುಟ ಬರೆದರು. ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಮೂವರು ಪ್ರತ್ಯಕ್ಷ ಸಾಕ್ಷಿಗಳೂ ಪಾಟೀಸವಾಲಿನಲ್ಲಿ ಒಂದೇ ಮಾತು ಹೇಳಿದ್ದರು: ಆ ದಿನ ಸಾಂಬಾರು ತಣ್ಣಗಿತ್ತು, ಬಿಸಿ ಮಾಡಿ ತನ್ನಿ ಎಂದು ವಾಪಸು ಕಳಿಸಿದ್ದೆವು, ಒಲೆಗೇರುವ ಮೊದಲೇ ಪಾತ್ರೆ ಉರುಳಿತು. ದೂರುದಾರನ ಕೈಮೇಲಿದ್ದದ್ದು ಎಣ್ಣೆ ಸಿಡಿದಂಥ ಸಣ್ಣ ಚುಕ್ಕೆಗಳು, ಅವೂ ಹಳೆಯವು ಎಂದು ಡಾಕ್ಟರು ಹೇಳಿದ್ದರು. ತಣ್ಣನೆಯ ಸಾಂಬಾರಿನಿಂದ ಮೈ ಸುಡದು. ಆದ್ದರಿಂದ ಆರೋಪಿ ನಿರ್ದೋಷಿ.

ಕೋರ್ಟಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಒಂದೊಂದೇ ಪ್ಯಾರಾ ಕನ್ನಡದಲ್ಲಿ ಹೇಳುತ್ತಾ ಹೋದೆ. ಸೀನಿಯರ್ ಎಲ್ಲರಿಗೂ ಚಹಾ ಹೇಳಿದರು. ನಿರ್ದೋಷಿ ಎಂದಾಗ ಅಡುಗೆಯವರ ಕಣ್ಣು ತುಂಬಿತು. ಆಮೇಲೆ ಕಣ್ಣೊರೆಸಿಕೊಂಡು, ಆ ತಣ್ಣಗಿನ ಪ್ಯಾರಾವನ್ನು ಇನ್ನೊಮ್ಮೆ ಓದಿ ಎಂದರು. ಓದಿದೆ. ಇದಕ್ಕೆ ಕೋರ್ಟಿನ ಮೊಹರು ಉಂಟಾ ಎಂದರು. ತೋರಿಸಿದೆ.

ಬಿಡುಗಡೆ ಹಾಗೇ ಇರಲಿ, ಈ ಒಂದು ಪ್ಯಾರಾದ ಮೇಲೆ ಮಾತ್ರ ಅಪೀಲು ಹಾಕಬಹುದಾ ಎಂದು ನನ್ನ ಮೂಲಕ ಸೀನಿಯರ್ ಹತ್ತಿರ ಕೇಳಿಸಿದರು. ಬಿಡುಗಡೆಯಾದವನಿಗೆ ಅಪೀಲಿಲ್ಲ, ಸುಮ್ಮನೆ ಮನೆಗೆ ಹೋಗು ಮಾರಾಯ ಎಂದು ಸೀನಿಯರ್ ಕೈಮುಗಿದರು. ನಾನು ಅದನ್ನೂ ಕನ್ನಡದಲ್ಲಿ ಹೇಳಿದೆ. ಅಡುಗೆಯವರು ಲೋಟ ಕೆಳಗಿಟ್ಟರು.

"ಮೊದಲಿನ ಜಡ್ಜೇ ಆಗಬಹುದಿತ್ತು ಅಕ್ಕಾ. ಮೂರು ವರ್ಷ ಜೈಲು ಕೊಟ್ಟರೂ, ನನ್ನ ಸಾಂಬಾರು ಕುದೀತಾ ಇತ್ತು ಅಂತ ನಂಬಿದ್ದರು."