ಬೆಳಕಿಗೆ ಹಿಡಿದ ಸೆರಗು

ನನ್ನ ಮೈದುನರಿಗೆ ಕಣ್ಣಿನ ಮೇಲೆ ನಂಬಿಕೆಯಿಲ್ಲ. ನಾಲಿಗೆಯ ಮೇಲಂತೂ ಇಲ್ಲವೇ ಇಲ್ಲ! ಕೊಲ್ಹಾಪುರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅವರದೊಂದು ಯಂತ್ರವಿದೆ. ಅದರ ಪುಟ್ಟ ವಜ್ರದ ಹರಳಿನ ಮೇಲೆ ಯಾವ ಗಟ್ಟಿ ವಸ್ತುವನ್ನು ಒತ್ತಿ ಹಿಡಿದರೂ ಸಾಕು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಅದನ್ನು ತಾಕಿ ಬಂದು, ಅದೇನೆಂಬುದನ್ನು ಏರಿಳಿಯುವ ಗೆರೆಯಾಗಿ ಬರೆದುಬಿಡುತ್ತದೆ. ಹಾಗಾಗಿ ಇಚಲಕರಂಜಿಯ ನಮ್ಮ ಮನೆಯಿಂದ ಬೆಲ್ಲ, ವಿಭೂತಿ, ಅತ್ತೆ ಕುಟ್ಟಿದ ಶೇಂಗಾ ಚಟ್ನಿ, ಎಲ್ಲವೂ ಚಿಟಿಕೆ ಚಿಟಿಕೆಯಾಗಿ ಅವರ ಅಂಗಿಯ ಕಿಸೆಯಲ್ಲಿ ಪ್ರವಾಸ ಹೊರಡುತ್ತವೆ. ಆ ಅಂಗಿ ಒಗೆಯುವವಳು ನಾನು!

ಕನ್ಯೆ ನೋಡಲು ಹೋದಾಗ ಇವರು ನೋಡಿದ್ದು ಕನ್ಯೆಯನ್ನೇ? ಅಲ್ಲ, ಶೋಕೇಸಿನಲ್ಲಿದ್ದ ಗಂಧದ ಗಣಪತಿಯನ್ನು! ಪೀಠದಡಿ ಉಗುರಿನಿಂದ ಕೆರೆದು ತಂದು, ಮರುದಿನ ಹುಡುಗಿಯ ಅಪ್ಪನಿಗೆ ಫೋನು: "ಕಾಕಾ, ನಿಮ್ಮ ಗಣಪತಿ ಪ್ಲಾಸ್ಟಿಕ್ ಅದಾನ್ರಿ." ಸಂಬಂಧ ಅಲ್ಲಿಗೇ ಮುಗಿಯಿತು.

ಆದರೆ ಅತ್ತೆಯ ಮದುವೆ ಸೀರೆಯ ಮಾತು ಬೇರೆ. ಮಗ್ಗದ ಕೆಲಸದ ಅವರಪ್ಪ ರೇಷ್ಮೆಯೆಂದು ಕೊಟ್ಟ ಸೀರೆ. ಮದುವೆಯ ಹೊಸತರಲ್ಲೇ ಗಡಹಿಂಗ್ಲಜದ ವಾರಗಿತ್ತಿ, ಅಂದರೆ ನಮ್ಮ ದೊಡ್ಡತ್ತೆ, ಅದರ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ, "ಇದು ರೇಯಾನ್ ಐತಿ ತಂಗಿ. ಒಂದ್ ಎಳಿ ಸುಟ್ಟ ನೋಡು. ಕೂದಲ ಸುಟ್ಟ ವಾಸನಿ ಬಂದ್ರ ಖರೇ ರೇಷ್ಮಿ," ಎಂದಿದ್ದರು.

"ನಮ್ಮಪ್ಪ ಕೊಟ್ಟಿದ್ದಕ್ಕ ನಾ ಬೆಂಕಿ ಹಚ್ಚಂಗಿಲ್ರಿ ಅಕ್ಕಾ."

ಅಂದು ಟ್ರಂಕು ಸೇರಿದ ಸೀರೆ ಹೊರಬಂದಿರಲಿಲ್ಲ. ಅಪ್ಪನಿಗೆ ಅಂಗಡಿಯವನು ಮೋಸ ಮಾಡಿದನೋ, ಅಪ್ಪನೇ ತಮಗೆ ಸುಳ್ಳು ಹೇಳಿದನೋ ಎಂಬ ಮುಳ್ಳು ಮಾತ್ರ ಅತ್ತೆಯೊಳಗೆ ಉಳಿದಿತ್ತು.

ಮೊನ್ನೆ ದೊಡ್ಡತ್ತೆಯ ಮೊಮ್ಮಗಳ ಕುಬುಸದ, ಅಂದರೆ ಸೀಮಂತದ, ಕರೆ ಬಂದಾಗ ಅತ್ತೆಯ ಕಣ್ಣು ಟ್ರಂಕಿನತ್ತ ಹೋದದ್ದು ಕಂಡು ಮೈದುನರು ಹೇಳಿದರು: "ಅವ್ವಾ, ಸುಡೂದೂ ಬ್ಯಾಡ, ಎಳಿ ಕೀಳೂದೂ ಬ್ಯಾಡ. ಬರೇ ಸೆರಗಿನ ತುದಿ ಒತ್ತತೇನಿ."

ಅತ್ತೆ ಸೀರೆಯನ್ನು ಎದೆಗವಚಿಕೊಂಡು ನನ್ನೊಡನೆ ಕೊಲ್ಹಾಪುರಕ್ಕೆ ಬಂದರು. ಚಟ್ನಿ ಕೈಯಲ್ಲೇ ಎಲ್ಲವನ್ನೂ ಮುಟ್ಟುವ ಮೈದುನರು ಅಂದು ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ಪರದೆಯ ಮೇಲೆ ಗೆರೆ ಮೂಡಿತು. ನಂತರ ತಮ್ಮ ತಲೆಯಲ್ಲಿ ಉಳಿದಿದ್ದ ಕೆಲವೇ ಕೂದಲಿನಲ್ಲಿ ಒಂದನ್ನು ತ್ಯಾಗ ಮಾಡಿ ಹರಳಿಗೆ ಒತ್ತಿದರು. ಅಕ್ಕತಂಗಿಯರಂಥ ಗೆರೆಗಳು! ಮೈದುನರು ನನ್ನತ್ತ ತಿರುಗಿದರು.

"ನೋಡ್ರಿ ವೈನಿ, ಎರಡೂ ಪ್ರೋಟೀನು! ರೇಯಾನ್ ಆಗಿದ್ರ ಹತ್ತಿ ಗೆರಿ ಹಂಗ ಬರ್ತಿತ್ತು. ಅವ್ವಾ, ಅಪ್ಪಟ ರೇಷ್ಮಿ!"

ಕುಬುಸಕ್ಕೆ ಅತ್ತೆ ಅದನ್ನೇ ಉಟ್ಟರು. ದೊಡ್ಡತ್ತೆಯ ಎರಡು ಬೆರಳು ಮುಂದೆ ಬಂದದ್ದೇ ತಡ, ಮೈದುನರು ಗೆರೆಗಳ ಕಾಗದ ಬಿಚ್ಚಿದರು. "ದೊಡ್ಡವ್ವಾ, ಸುಡದನ ಕೂದಲ ವಾಸನಿ ತಂದೇನಿ!" ಮನೆಯೆಲ್ಲ ನಗು. ದೊಡ್ಡತ್ತೆಯೂ ನಕ್ಕು, ಅದೇ ಸೆರಗಿಗೆ ತಾವೇ ಉಡಿ ತುಂಬಿದರು.

ಮನೆಗೆ ಮರಳಿದ ಮೇಲೆ ಅತ್ತೆ ಮಗನಿಗೊಂದು ಶೇಂಗಾ ಉಂಡಿ ಕೊಟ್ಟರು.

"ಕಿಸೆಗೆ ಹಾಕ್ಕೊಳ್ರಿ ಭಾವೋಜಿ, ತಪಾಸಣಿ ಮಾಡೂದಿಲ್ಲೇನು?" ಎಂದು ಮೈದುನರನ್ನು ಕೆಣಕಿದೆ.

ಅವರು ಉಂಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಇಷ್ಟು ವರ್ಷ ಯಾರಿಗೂ ಮುಟ್ಟಗೊಡದ ಆ ಸೆರಗಿನಿಂದಲೇ ಅತ್ತೆ ಅವರ ಬಾಯಿ ಒರೆಸಿದರು.