ಕಲ್ಲಂಗಡಿ ಗೋಡೆಯ ಮನೆ

ಇಲ್ಲ, ಉಪ್ಪಿನ ಗಡಿಗೆ ಮೊದಲು ಒಲೆಯ ಬಲಕ್ಕೇ ಇತ್ತು. ಅಥವಾ ಗೋಡೆಯ ಮಾಡದ ಕೆಳಗಿತ್ತೋ? ನಾನು ಸೊಸೆಯಾಗಿ ಸೋನ್ಯಾಳಕ್ಕೆ ಬಂದ ವರ್ಷದ ಮಾತಿದು. ಆ ವರ್ಷದ ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನೀವೂ ನಂಬಬೇಡಿ. ತಪ್ಪು ನೆನಪಿನದಲ್ಲ, ನನ್ನ ಮೈದುನನದು. ಆತ ಜನ್ಮದಲ್ಲಿ ಒಂದು ಸಾಮಾನನ್ನೂ ಕಳೆದುಕೊಂಡವನಲ್ಲ. ಕಳೆದುಕೊಂಡವರೆಲ್ಲ ನಾವು!

ಮನೆಯ ಒಳಗನ್ನು ಅಂದಗೊಳಿಸುವುದು ಆತನ ಹುಚ್ಚು. ಉಳಿದ ಗಂಡಸರು ಹೊಲದಿಂದ ಬಂದು ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರೆ, ಈತ ಪಡಸಾಲೆಯ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತು ಗೋಡೆಗಳನ್ನು ನೋಡುತ್ತಿದ್ದ. ಹಾಗೆ ನಿಂತನೆಂದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮಾದರಿ ಹುಡುಕಿಕೊಂಡು ಆತ ಅರಮನೆ ನೋಡಲು ಹೋದವನಲ್ಲ. ಸಂತೆ, ಎತ್ತಿನ ಕೊರಳು, ಕೊಯ್ದಿಟ್ಟ ಹಣ್ಣು, ಮುಂಜಾನೆ ಕಣ್ಣಿಗೆ ಬಿದ್ದದ್ದು ಏನೇ ಇರಲಿ, ಸಂಜೆಯೊಳಗೆ ಅದು ನಮ್ಮ ಮನೆಯಾಗಿರುತ್ತಿತ್ತು.

ಒಮ್ಮೆ ಜತ್ತಿನ ಸಂತೆಗೆ ಮೋಟಾರು ಬಸ್ಸಿನಲ್ಲಿ ಹೋಗಿ ಬಂದ. ಮರುದಿನ, ಗೋಡೆಗೆ ಒರಗಿದ್ದ ಜೋಳದ ಚೀಲಗಳೆಲ್ಲ ಪಡಸಾಲೆಯಲ್ಲಿ ಎರಡೆರಡಾಗಿ, ಒಂದು ಸಾಲಿನ ಹಿಂದೆ ಇನ್ನೊಂದು ಸಾಲಾಗಿ ಬಿದ್ದಿದ್ದವು. ಮೇಲೆ ಕಂಬಳಿ, ನಡುವೆ ಓಡಾಡಲು ಹಾದಿ. ಯಾರು ಕೂತರೂ ಮುಖ ದೇವರ ಜಗಲಿಯ ಕಡೆಗೆ. ಅಂದೇ ಬೆಳುಂಕಿಯಿಂದ ನನ್ನ ಅಪ್ಪ ಬರಬೇಕೇ? ನನ್ನ ಗಂಡ ಮುಂದಿನ ಚೀಲದ ಮೇಲೆ, ಅಪ್ಪ ಹಿಂದಿನದರ ಮೇಲೆ. ಮಳೆ, ಬೆಳೆ, ದನ, ಕರು ಎಲ್ಲ ಮಾತಾಡಿ ಹೊರಡುವಾಗ ಅಪ್ಪ ನನ್ನನ್ನು ಬಾಗಿಲಿಗೆ ಕರೆದು ಹೇಳಿದ: "ಅಳಿಯಾರ ಮಾರಿ ನೋಡೂಣಂತ ಬಂದಿದ್ದೆ ಮಗಳ. ಬೆನ್ನ ನೋಡಿದೆ. ಅದೂ ಚಲೋ ಐತಿ."

ಕಲ್ಲಂಗಡಿಯ ಸರದಿ ಬಂದದ್ದು ಬೇಸಿಗೆಯಲ್ಲಿ. ಹಣ್ಣು ಕೊಯ್ದವನು ಹೋಳನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ, ತಿನ್ನಲಿಲ್ಲ. ಎರಡು ದಿನದಲ್ಲಿ ಬಾಗಿಲ ಚೌಕಟ್ಟು ಹಸಿರಾಯಿತು, ಪಡಸಾಲೆಯ ಗೋಡೆಗಳೆಲ್ಲ ಕೆಮ್ಮಣ್ಣಿನಿಂದ ಕೆಂಪಾದವು. ಕೊನೆಗೆ ಒಲೆಯ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬೆರಳಿನಿಂದ ಗೋಡೆಯ ತುಂಬ ಬೀಜ ಇಟ್ಟ. ಅತ್ತೆ ಒಳಗಿನಿಂದ ಬಂದವಳೇ ಕಸಬರಿಗೆ ತೆಗೆದುಕೊಂಡು ಗೋಡೆಗೆ ಬಡಿಯತೊಡಗಿದಳು.

"ಏನ್ ಕರಿ ಇರಿವಿ ಹತ್ಯಾವ ಇವಕ್ಕ!"

"ಯವ್ವಾ, ಅವು ಬೀಜ ಬೇ" ಎಂದ ಮೈದುನ.

"ಬೀಜ ಅಂತ ನನಗ ಗೊತ್ತಿಲ್ಲೇನು? ಧೂಳ ಕುಂತಿತ್ತು, ಝಾಡಿಸಿದೆ."

ಎಲ್ಲರೂ ನಕ್ಕೆವು. ನನ್ನ ಗಂಡ ಮಾತ್ರ ನಗಲಿಲ್ಲ. ಅತ್ತೆಯ ಕಣ್ಣು ಮಂಜಾಗುತ್ತಿದೆ ಎಂಬ ಅನುಮಾನ ಅವರಿಗೆ ಮೊದಲೇ ಇತ್ತು. "ಬೆಂಕಿ ಮುಂದಿನ ಕೆಲಸ ಅದು. ಇನ್ನೊಂದ ತಪ್ಪಾಗಲಿ, ಒಲಿ ನಿನ್ನ ಕೈಗೆ" ಎಂದು ನನಗೆ ಹೇಳಿದರು. ಗೋಡೆಯಾಚೆಯಿಂದ ಅತ್ತೆ ಉತ್ತರ ಕೊಟ್ಟಳು: "ಮೂಲ್ಯಾಗ ಕುಂದ್ರಿಸಿ ರೊಟ್ಟಿ ಹಾಕಿದ್ರ ತಿನ್ನಾಕ ನಾ ಏನ್ ಬೆಕ್ಕೇನು?" ಮಾವ ಹೋದ ಮೇಲೆ ಆ ಮನೆಯಲ್ಲಿ ಆಕೆಗೆಂದು ಉಳಿದಿದ್ದ ಜಾಗ ಒಲೆಯ ಮುಂದಿನ ಆ ಮಣೆ ಒಂದೇ. ಕಣ್ಣು ಮಂಜಾಗಿದ್ದರೇನು, ಕೈಗೆ ಎಲ್ಲವೂ ಗೊತ್ತಿತ್ತು. ಮೈದುನ ಅಡುಗೆಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ.

ಇಟ್ಟ. ಒಂದು ಬೆಳಿಗ್ಗೆ ಬೇವಿನ ಮರದ ಕೆಳಗೆ ಕ್ಷೌರಕ್ಕೆ ಕೂತವನು ಅರ್ಧಕ್ಕೇ ಎದ್ದು ಬಂದ. ಒಂದು ಗಲ್ಲ ನುಣ್ಣಗೆ, ಇನ್ನೊಂದರ ಮೇಲೆ ಸಾಬೂನು. ಕ್ಷೌರಿಕ ತನ್ನ ಕತ್ತಿ, ಕತ್ತರಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಹರವಿದ್ದು ಕಣ್ಣಿಗೆ ಬಿದ್ದಿತ್ತಂತೆ. ಅತ್ತೆ ಮಗ್ಗುಲು ಮನೆಗೆ ಹೋಗಿ ಬರುವಷ್ಟರಲ್ಲಿ ಗಡಿಗೆ, ಕುಡಿಕೆಗಳೆಲ್ಲ ಎತ್ತರದ ಪ್ರಕಾರ ಶಾಲೆಯ ಮಕ್ಕಳ ಹಾಗೆ ನಿಂತಿದ್ದವು.

"ಅಡಗಿಗೆ ಎತ್ತರ ಯಾಕ ಬೇಕ್ರಿ?" ಎಂದೆ.

"ವೈನಿ, ನೋಡಾಕ ಚಂದ ಇರಬೇಕಲ್ರಿ."

ಸಾಲಿನಲ್ಲಿ ಒಂದು ಕುಡಿಕೆ ಕಡಿಮೆ ಬಿದ್ದು ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಅದನ್ನು ತುಂಬಲು ಆತ ಪಡಸಾಲೆಯಿಂದ ಒಂದನ್ನು ತಂದಿಟ್ಟ. ಅದರೊಳಗೇನಿದೆ ಎಂದು ಆತ ನೋಡಲಿಲ್ಲ, ನಾನೂ ನೋಡಲಿಲ್ಲ.

ಮಧ್ಯಾಹ್ನ ಶೇಗಾಂವದಿಂದ ಸೋದರತ್ತೆ ಬಂದರು, ಮಾವನ ತಂಗಿ. ಅತ್ತೆ ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ತಾಟು ನೋಡಿಯೇ ಸೋದರತ್ತೆ ಹೊಗಳಿದರು: "ಏನ್ ಬಣ್ಣ ಬಂದೈತಿ ವೈನಿ, ಬೆಂಕಿಗತೆ!" ಒಂದು ತುತ್ತು ಬಾಯಿಗೆ ಹೋಯಿತು. ದವಡೆ ನಿಧಾನವಾಯಿತು. "ಖಾರ ಎಲ್ಲಿ ಹೋತ? ಹಲ್ಲಾಗ ಕರಕರ ಅಂತೈತಿ."

ನನ್ನ ಗಂಡ ನಾಲಗೆಗೆ ಹಚ್ಚಿಕೊಂಡು ನೋಡಿದರು. ಆಮೇಲೆ ತಲೆ ಎತ್ತಿ ಗೋಡೆಯನ್ನು ನೋಡಿದರು. ಗೋಡೆಗೆ ಬಳಿದು ಉಳಿದ ಕೆಮ್ಮಣ್ಣು ಖಾರಪುಡಿಯ ಜಾಗದಲ್ಲಿ ಕೂತು, ಅಲ್ಲಿಂದ ಎಣ್ಣೆಗಾಯಿಯೊಳಗೆ ಇಳಿದಿತ್ತು.

"ಅವ್ವಾ, ನಾಳಿಯಿಂದ ಒಲಿ ಇಕಿ ನೋಡ್ಕೋತಾಳ."

ಅತ್ತೆ ಬೆಕ್ಕಿನ ಮಾತು ತೆಗೆಯಲಿಲ್ಲ. ಎದ್ದಳು. ಬಾಗಿಲನ್ನು ಮಾತ್ರ ಇನ್ನೂ ಯಾರೂ ಸರಿಸಿರಲಿಲ್ಲ, ಆದರೂ ಆಕೆಯ ಕೈ ಅದನ್ನು ಗೋಡೆಯುದ್ದಕ್ಕೂ ಹುಡುಕಿತು. ಮೈದುನ ಅದನ್ನು ನೋಡಿದನೋ ಇಲ್ಲವೋ. ಉಣ್ಣದೆ ಎದ್ದು ಹೊಲಕ್ಕೆ ಹೋದ. ಅಂದು ಮನೆಗೆ ಬರಲಿಲ್ಲ.

ಮರುದಿನ ನಾನು ಬುತ್ತಿ ಒಯ್ದೆ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದೆವು. ಕುರಿಯವರು ದಿನಾ ಬಿಡಾರ ಎತ್ತಿ ಹೊಲದ ಇನ್ನೊಂದು ಪಟ್ಟಿಗೆ ಹೋಗುತ್ತಾರೆ. ಅಂದೂ ಬೆಳಿಗ್ಗೆ ಎತ್ತಿದ್ದರು. ಕುರಿಯವನ ಹೆಂಡತಿ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಳು. ಕಣ್ಣು ಮರಿಗಳ ಮೇಲೆ, ಕೈ ಹಿಂದಕ್ಕೆ ಹೋಗಿ ಉಪ್ಪು ತಂದಿತು. ಎದುರಿಗೆ ನನ್ನ ಮೈದುನ, ಗಲ್ಲದ ಮೇಲೆ ಆ ಅರ್ಧ ಗಡ್ಡ, ಕಣ್ಣ ರೆಪ್ಪೆ ಬಡಿಯದೆ ಕೂತಿದ್ದ.

"ಅಕ್ಕಾರ, ಇವರನ್ನ ಲಗೂನ ಕರಕೊಂಡ ಹೋಗ್ರಿ" ಎಂದಳು ಆಕೆ. "ನಿನ್ನಿಯಿಂದ ನನ್ನ ಗಡಗಿ ನೋಡಕೋತ ಕುಂತಾರ. ನಾ ಲಗ್ನ ಆದಾಕಿ."

ಮೈದುನನಿಗೆ ಅದು ಕೇಳಿಸಲಿಲ್ಲ. "ವೈನಿ, ದಿನಾ ಜಾಗಾ ಬದಲಿ ಮಾಡ್ತಾರ್ರಿ. ಉಪ್ಪ ಮಾತ್ರ ಇಕಿ ಕೈಗೆ ನಿನ್ನಿ ಇದ್ದಲ್ಲೇ ಐತಿ. ಎಂಥಾ ನಮೂನಿ ನೋಡ್ರಿ."

ಇನ್ನು ಮನೆಯೊಳಗೆ ಕುರಿ ಬರುವುದೊಂದು ಬಾಕಿ ಎಂದುಕೊಂಡೆ.

ಕುರಿ ಬರಲಿಲ್ಲ. ಆತ ಬಂದವನೇ ಅಡುಗೆಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಸುರಿದ. ಕೆಮ್ಮಣ್ಣಿನ ಕುಡಿಕೆಯನ್ನು ತಿಪ್ಪೆಗೆ ಎಸೆದ. ತಾಯಿಯನ್ನು ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದ.

"ಅವ್ವಾ, ಉಪ್ಪಿಗೆ ಕೈ ಹಾಕು."

"ಒಲಿ ಈಗ ನಂದಲ್ಲ. ನಿನ್ನ ವೈನಿನ್ನ ಕೇಳು."

"ವೈನಿಗೇನ್ ಗೊತ್ತ, ನಿನ್ನಿ ಬಂದಾಕಿ. ನೀ ಹಾಕು ಬೇ."

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು. ಕೈ ಗಾಳಿಯಲ್ಲಿ ಒಂದು ಕಡೆ ನಿಂತಿತು. ಆತ ಓಡಿಹೋಗಿ ಉಪ್ಪಿನ ಗಡಿಗೆ ತಂದು ಸರಿಯಾಗಿ ಆ ಕೈಯ ಕೆಳಗೆ ಇಟ್ಟ. "ಖಾರ?" ಕೈ ಇನ್ನೊಂದು ಕಡೆ ಹೋಯಿತು, ಖಾರದ ಕುಡಿಕೆ ಅಲ್ಲಿಗೆ ಹೋಯಿತು. ಅರಿಶಿನ, ಎಣ್ಣೆ, ಹಿಟ್ಟು, ಸೌಟು. ಸಣ್ಣದರ ಪಕ್ಕ ದೊಡ್ಡದು, ದೊಡ್ಡದರ ಹಿಂದೆ ಮೋಟು. ನೋಡಲು ಒಂದಿಷ್ಟೂ ಚಂದವಿರಲಿಲ್ಲ. ಆತ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿ, "ಈಗ ಬರೋಬ್ಬರಿ ಆತು" ಎಂದ.

ಆ ಹೊತ್ತು ಅಡುಗೆ ಅತ್ತೆಯೇ ಮಾಡಿದಳು. ನಾನು ಬೆಳ್ಳುಳ್ಳಿ ಬಿಡಿಸುತ್ತ ದೂರ ಕೂತಿದ್ದೆ. ನನ್ನ ಗಂಡ ಒಂದು ತುತ್ತು ತಿಂದು, "ಖಾರ ಜಾಸ್ತಿ ಆಗೈತಿ" ಎಂದರು. ಎಂದು, ಇನ್ನೊಂದು ರೊಟ್ಟಿಗೆ ತಾಟು ಚಾಚಿದರು. ಒಲೆಯ ಮಾತು ಮತ್ತೆ ಬರಲಿಲ್ಲ.

ಆಮೇಲೆ ಆತ ಆ ಮನೆಯಲ್ಲಿ ಒಂದು ಲೋಟವನ್ನೂ ಸರಿಸಲಿಲ್ಲ, ಯಾರಿಗೂ ಸರಿಸಲು ಬಿಡಲಿಲ್ಲ. ನಾನು ಎಣ್ಣೆಯ ಗಿಂಡಿಯನ್ನು ಬೆರಳಷ್ಟು ಆಚೆ ಇಟ್ಟರೂ ಬಾಗಿಲಲ್ಲಿ ಹಾಜರು: "ವೈನಿ, ನಮೂನಿ ಕೆಡಸಬ್ಯಾಡ್ರಿ." ಜೋಳದ ಚೀಲಗಳು ಗೋಡೆಗೆ ಮರಳಿದವು. ಅತ್ತೆ ಕಡೆಯ ತನಕ ಆ ಮಣೆಯ ಮೇಲೆಯೇ ಇದ್ದಳು. ಕೊನೆಕೊನೆಗೆ ಆಕೆಗೆ ಹಗಲು, ರಾತ್ರಿಗಳ ಗುರುತೂ ಹತ್ತುತ್ತಿರಲಿಲ್ಲ. ಅಡುಗೆಯಲ್ಲಿ ತಪ್ಪಾದದ್ದು ನನಗೆ ನೆನಪಿಲ್ಲ. ನನ್ನ ನೆನಪಿನ ಬೆಲೆ ನಿಮಗೆ ಗೊತ್ತೇ ಇದೆ.

ಒಮ್ಮೆ ಕೇಳಿಯೇ ಬಿಟ್ಟೆ: "ಅವ್ವಾರ ಕಣ್ಣಿನ ಸಲುವಾಗಿ ಹಂಗ ಮಾಡಿದ್ರೇನು?"

"ಅವ್ವನ ಕಣ್ಣಿಗೇನ್ ಆಗೈತ್ರಿ?" ಎಂದ. "ಅದು ಕುರಿಯವರ ನಮೂನಿ, ವೈನಿ."

ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಹೊಸ ಹುಚ್ಚೊಂದು ಸಿಕ್ಕಿ ಹಳೆಯದು ಹೋಯಿತೋ, ಅಥವಾ ಅಂದು ಗೋಡೆಯ ಮೇಲೆ ಬಾಗಿಲು ಹುಡುಕಿದ ಕೈಯನ್ನು ಆತ ನೋಡಿದ್ದನೋ, ನನಗೆ ಗೊತ್ತಿಲ್ಲ.