ಕೋಲ್ಡ್ ಕೆಟಲ್ಸ್‌ನಿಂದ ಒಂದು ಫೋನು

ಆ ಗುರುವಾರ ಬೆಳಿಗ್ಗೆ ಆರಿನ್ ಸ್ಟಕಿ 'ಹೂಂ' ಅನ್ನುವ ಬದಲು 'ನಂಗೊತ್ತಿಲ್ಲ' ಅಂದುಬಿಟ್ಟಿದ್ದರೆ ಮುಂದಿನ ರಗಳೆ ಒಂದೂ ಇರುತ್ತಿರಲಿಲ್ಲ.

ಡೇಟನ್ ಊರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಅವನದು ಬಣ್ಣದ ಕೌಂಟರು. ಗಿರಾಕಿ ಕೇಳಿದ ಬಣ್ಣ ಬೆರೆಸಿ, ಡಬ್ಬಿಯನ್ನು ಕುಲುಕುವ ಯಂತ್ರದೊಳಗೆ ಇಟ್ಟು, ಅದು ಗಡಗಡ ಅನ್ನುವಷ್ಟು ಹೊತ್ತೂ ಕೌಂಟರಿನ ಮೇಲೆ ಬೆರಳಲ್ಲಿ ತಾಳ ಕುಟ್ಟುತ್ತಾ ನಿಲ್ಲುತ್ತಿದ್ದ. ಅವನು ಹಾಗೆ ನಿಂತಿದ್ದಾಗಲೇ ಕ್ಯಾಷ್ ಕೌಂಟರಿನ ವರ್ನಾ ಓಡೋಡಿ ಬಂದಳು.

"ಆರಿನ್, ರೇಡಿಯೋ ಕೇಳಿದ್ಯಾ? ನಿಮ್ಮ ಕೋಲ್ಡ್ ಕೆಟಲ್ಸ್ ಬ್ಯಾಂಡು ಮತ್ತೆ ಒಂದಾಗ್ತಿದೆಯಂತೆ! ಆರು ವಾರ ಊರೂರು ತಿರುಗಿ, ಆ ಸೂಪ್ ರೆಕಾರ್ಡಿನ ಹಾಡನ್ನೆಲ್ಲ ಮೊದಲಿಂದ ಕೊನೇವರೆಗೂ ನುಡಿಸ್ತಾರಂತೆ. ನೀನೂ ಹೋಗ್ತಿದ್ದೀಯ ತಾನೇ?"

ಆರಿನ್‌ಗೆ ಈ ಸುದ್ದಿ ಅದೇ ಮೊದಲು. ತನ್ನ ಬ್ಯಾಂಡು ಒಂದಾಗುತ್ತಿರುವುದು ತನಗೇ ಗೊತ್ತಿಲ್ಲ ಅಂತ ಹೇಳಿಕೊಳ್ಳುವುದು ಹೇಗೆ?

"ಹೂಂ," ಅಂದ. ಅದೂ ಸಾಲದು ಅನ್ನಿಸಿ, "ನಾನಿಲ್ದೆ ಆಗುತ್ತಾ?" ಅಂತಲೂ ಸೇರಿಸಿದ.

ಕೋಲ್ಡ್ ಕೆಟಲ್ಸ್ ಮಾಡಿದ್ದು ಒಟ್ಟು ಮೂರು ರೆಕಾರ್ಡು. ಮೊದಲನೆಯದು ಹಾಡುಗಾರ ಟೆರಿ ಕ್ರೌಸ್‌ನ ಮನೆಯ ನೆಲಮಾಳಿಗೆಯಲ್ಲಿ ಮಾಡಿದ ಕ್ಯಾಸೆಟ್ಟು. ಅದರಲ್ಲಿ ಹಾಡಿಗಿಂತ ಬಟ್ಟೆ ಒಗೆಯುವ ಮೆಷೀನಿನ ಸದ್ದೇ ಸ್ಪಷ್ಟವಾಗಿತ್ತು. ಎರಡನೆಯದು 'ಟ್ಯೂಸ್‌ಡೇ ಸೂಪ್'. ಹಳೆಯ ಕೋಳಿಮರಿ ಕೇಂದ್ರವೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದವನ ಹತ್ತಿರ ಆರು ದಿನದಲ್ಲಿ ಮುಗಿಸಿದ್ದು. ಬಂದಾಗ ಯಾರೂ ಕೊಳ್ಳಲಿಲ್ಲ. ಮೂರನೆಯದನ್ನು ದೊಡ್ಡ ಕಂಪನಿಯೊಂದು ಮಾಡಿಸಿತು. ಅಲ್ಲಿ ಡ್ರಮ್ ಬಾರಿಸಬೇಕಿದ್ದ ಆರಿನ್‌ನನ್ನು ಸೋಫಾದ ಮೇಲೆ ಕೂರಿಸಿ, ಡ್ರಮ್ಮಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಅದನ್ನಂತೂ ಕೊಡುಗೆ ಅಂತ ಕೊಟ್ಟರೂ ಜನ ಮುಟ್ಟಲಿಲ್ಲ. ಆ ಚಳಿಗಾಲ ಅಯೋವಾದ ಒಂದು ಪಾರ್ಕಿಂಗ್ ಜಾಗದಲ್ಲಿ, ಯಾರ ಸ್ಯಾಂಡ್‌ವಿಚ್ಚನ್ನು ಯಾರು ತಿಂದರು ಅನ್ನುವ ಜಗಳದಲ್ಲಿ ಬ್ಯಾಂಡು ಒಡೆಯಿತು.

ಆಮೇಲೆ ಹೇಗೋ 'ಟ್ಯೂಸ್‌ಡೇ ಸೂಪ್' ಕಾಲೇಜು ರೇಡಿಯೋಗಳಿಗೆ ಹತ್ತಿಕೊಂಡಿತು. ನಾಲ್ಕನೇ ಹಾಡಿನ ಡ್ರಮ್ಮನ್ನು ಒಂದು ಪತ್ರಿಕೆ, 'ಮೆಟ್ಟಿಲ ಮೇಲಿಂದ ಉರುಳಿದ ಪಿಯಾನೋ ಕೆಳಗೆ ಬಂದು ನೆಟ್ಟಗೆ ನಿಂತಂತಿದೆ' ಅಂತ ಹೊಗಳಿತು. ಆರಿನ್ ಆ ಸಾಲನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಹನ್ನೊಂದು ವರ್ಷದಿಂದ ಹಾಲು ತೆಗೆಯುವಾಗಲೆಲ್ಲ ಓದುತ್ತಿದ್ದ.

ಅಂಥ ಕೈಯನ್ನು ಟೆರಿ ಕರೆಯದೆ ಇರುತ್ತಾನೆಯೇ? ಆದರೆ ಯಾಕೆ ಇನ್ನೂ ಕರೆದಿಲ್ಲ?

ಆಮೇಲೆ ಆರಿನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯ ಫೋನು ಹೊಡೆದುಕೊಂಡಾಗಲೆಲ್ಲ ಬಿಸಿ ಬಾಣಲೆಯೊಳಗಿನ ಜೋಳದ ಕಾಳಿನ ಹಾಗೆ ಎಗರುತ್ತಿದ್ದ. ಒಂದು ಸಲ ಮೊಳೆ ಕೇಳಿದವರು, ಇನ್ನೊಂದು ಸಲ ಇಲಿಬೋನು ಕೇಳಿದವರು. ಉಳಿದ ಹೊತ್ತೆಲ್ಲ ಫೋನು ವರ್ನಾಳ ಕಿವಿಯಲ್ಲಿತ್ತು. ಅವಳು ಊರಿಗೆಲ್ಲ ಸುದ್ದಿ ಹಂಚುತ್ತಿದ್ದಳು. ಈ ಗಡಿಬಿಡಿಯಲ್ಲಿ, ಚರ್ಚಿನ ಮಕ್ಕಳ ಕೋಣೆಗೆ ತಿಳಿ ಕೆನೆ ಬಣ್ಣ ಕೇಳಿದ್ದ ಪಾದ್ರಿಯ ಹೆಂಡತಿ ಮಿಸೆಸ್ ಹೋಚ್‌ಗೆ ಆರಿನ್ ಹಸಿ ಯಕೃತ್ತಿನ ಬಣ್ಣ ಬೆರೆಸಿಕೊಟ್ಟ. ಅರ್ಧ ಗಂಟೆಯಲ್ಲಿ ಆಕೆ ಡಬ್ಬಿ ಸಮೇತ ವಾಪಸ್ಸು ಬಂದರು.

"ಮಕ್ಕಳು ಹೆದರಿಕೊಳ್ತಾವಪ್ಪ, ಆರಿನ್," ಅಂದರು, ಮೆಲ್ಲಗೆ.

ಅಂಗಡಿಯ ಯಜಮಾನ ಹಾರ್ಲನ್ ಕನ್ನಡಕದ ಮೇಲಿನಿಂದ ನೋಡಿದ. "ಹೊಟ್ಟೆ ಸರಿ ಇಲ್ವೇನೋ?"

ಮಧ್ಯಾಹ್ನದ ಊಟದ ಬಿಡುವಿಗೆ ಆರಿನ್ ಮನೆಗೆ ಕಾರು ಓಡಿಸಿದ. ಬೇಲಿಯ ಹತ್ತಿರ ಪಕ್ಕದ ಮನೆಯ ವಾಲ್ಟ್ ಕಾದು ನಿಂತಿದ್ದ. "ವರ್ನಾ ನಮ್ಮವಳಿಗೆ ಫೋನ್ ಮಾಡಿದ್ಲು. ನೀನು ನಿಶ್ಚಿಂತೆಯಿಂದ ಹೋಗಿ ಬಾ ಮಾರಾಯ. ಆರು ವಾರ ನಿನ್ನ ಹುಲ್ಲಿಗೆ ನಾನು ನೀರು ಬಿಡ್ತೀನಿ."

ಅವನಿಂದ ಬಿಡಿಸಿಕೊಂಡು ಒಳಗೆ ಹೋದರೆ ಅಡುಗೆಮನೆಯಲ್ಲಿ ಫೋನಿನ ಸಂದೇಶ ಹಿಡಿದಿಡುವ ಆನ್ಸರಿಂಗ್ ಮೆಷೀನಿನ ಕೆಂಪು ದೀಪ ಮಿಣುಕುತ್ತಿತ್ತು! ಆರಿನ್ ಗುಂಡಿ ಒತ್ತಿದ.

"ಹಲೋ, ನಾನು ಟೆರಿ. ಎಷ್ಟು ವರ್ಷ ಆಗೋಯ್ತು! ನೋಡು, 'ಟ್ಯೂಸ್‌ಡೇ ಸೂಪ್'ಗೆ ಡ್ರಮ್ ಬಾರಿಸಿದ ಆ ಕೈಯೇ ಬೇಕು. ಮೂರು ಜನರನ್ನ ಕೂರಿಸಿ ನೋಡಿದ್ವಿ, ಯಾರಿಗೂ ಬರ್ತಿಲ್ಲ. ನನ್ನ ನಂಬರ್ ಬರ್ಕೋ..."

ಪೆನ್ನಿಗಾಗಿ ಆರಿನ್ ಹಾರಿದ. ಮೊಣಕೈ ಮೆಷೀನಿಗೆ ತಗುಲಿತು. "ಸಂದೇಶ ಅಳಿಸಲಾಗಿದೆ," ಅಂತು ಅದರೊಳಗಿನ ಹೆಂಗಸು, ಇಂಜೆಕ್ಷನ್ ಚುಚ್ಚಿ ಮುಗಿಸಿದ ನರ್ಸಿನಷ್ಟು ತಣ್ಣಗೆ.

ಫೋನ್ ಡೈರೆಕ್ಟರಿ ತೆಗೆದ. ಊರಿನಲ್ಲಿ ಕ್ರೌಸ್ ಅನ್ನುವವರು ಒಂದು ಪುಟದ ತುಂಬ ಇದ್ದರು. ಮೊದಲನೆಯವಳು ಬೈದಳು. ಎರಡನೆಯವನು ಒಬ್ಬ ಮುದುಕ, ಟೆರಿ ಯಾರೆಂದು ಕೇಳಲೇ ಇಲ್ಲ; ತನ್ನ ಮಂಡಿ ಆಪರೇಷನ್ನಿನ ಕತೆ ಶುರುಮಾಡಿದವನು ಎರಡನೇ ಮಂಡಿಗೆ ಬರುವ ಹೊತ್ತಿಗೆ ಬಿಡುವು ಮುಗಿದು ಮುಕ್ಕಾಲು ಗಂಟೆಯಾಗಿತ್ತು.

ಅಂಗಡಿಗೆ ವಾಪಸ್ಸು ಬಂದರೆ ಹಾರ್ಲನ್ ಬಣ್ಣದ ಕೌಂಟರಿನಲ್ಲಿ ತಾನೇ ನಿಂತಿದ್ದ, ಮೀಸೆಗೆಲ್ಲ ಹಸಿರು ಬಳಿದುಕೊಂಡು.

"ಏನಪ್ಪಾ ಇದು? ಕೆಲಸ ಮಾಡೋ ಮನಸ್ಸಿದೆಯೋ ಇಲ್ವೋ?"

ಬೇರೆ ದಿನವಾಗಿದ್ದರೆ ಆರಿನ್ ತಲೆ ತಗ್ಗಿಸುತ್ತಿದ್ದ. ಆದರೆ 'ಆ ಕೈಯೇ ಬೇಕು' ಅನ್ನುವ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. "ಹಾರ್ಲನ್, ನಂಗೆ ಆರು ವಾರ ರಜಾ ಬೇಕು. ಇವತ್ತಿಂದಲೇ."

"ಆರು ವಾರ ಬಣ್ಣ ಬೆರೆಸೋರು ಯಾರು?"

"ನಿಮ್ಮ ಭಾಮೈದ ಕರ್ಟಿಸ್ ಮನೇಲಿ ಸುಮ್ನೆ ಕೂತಿದ್ದಾನಲ್ಲ," ಅಂದಳು ವರ್ನಾ. ಉಪಕಾರ ಮಾಡಿದ ಖುಷಿ ಅವಳ ಮುಖದಲ್ಲಿ ಹೊಳೆಯುತ್ತಿತ್ತು.

ಇಪ್ಪತ್ತೇ ನಿಮಿಷದಲ್ಲಿ ಕರ್ಟಿಸ್ ಬಂದ. ಆರಿನ್ ಬಿಚ್ಚಿದ ಏಪ್ರನ್ನು ಅವನಿಗೆ ಹೊಲಿಸಿದ ಹಾಗೆ ಕೂತಿತು.

ಮನೆಗೆ ಹೋಗಿ ಆರಿನ್ ಗ್ಯಾರೇಜಿನ ಮೂಲೆಯಿಂದ ಡ್ರಮ್ಮುಗಳನ್ನು ಹೊರಗೆಳೆದ. ದೊಡ್ಡದರೊಳಗೆ ಇಲಿ ಸಂಸಾರ ಹೂಡಿತ್ತು. ಅದನ್ನು ಒಕ್ಕಲೆಬ್ಬಿಸಿ ನಾಲ್ಕನೇ ಹಾಡು ಶುರುಮಾಡಿದ. ಕೈ ಮುಂದಕ್ಕೆ ಓಡಿತು, ಕಾಲು ಹಿಂದೆ ಉಳಿಯಿತು. ಮತ್ತೆ ಬಾರಿಸಿದ. ಈ ಸಲ ಕಾಲು ಓಡಿತು.

ವಾಲ್ಟ್ ಗಾಬರಿಯಿಂದ ಓಡಿಬಂದ. "ಏನಾಯ್ತು? ಕಪಾಟು ಬಿತ್ತಾ?"

"ಅಭ್ಯಾಸ ತಪ್ಪಿದೆ ಅಷ್ಟೆ," ಅಂದ ಆರಿನ್, ಹಣೆ ಒರೆಸಿಕೊಳ್ಳುತ್ತಾ. ಹಿಂದೆ ಅಷ್ಟು ಸಲೀಸಾಗಿ ಬಾರಿಸಿದ್ದು ಈಗ ಹತ್ತಿರಕ್ಕೂ ಬರುತ್ತಿಲ್ಲವಲ್ಲ?

ನಾಲ್ಕೂವರೆಗೆ ಹೆಂಡತಿ ಗ್ಲೆಂಡಾ ಬಂದಳು. ಸ್ಕೂಲ್ ಬಸ್ ಓಡಿಸುವವಳು. ದಿನಾ ಐವತ್ತು ಮಕ್ಕಳ ಕೂಗಾಟ ಕೇಳಿಯೂ ಹುಬ್ಬು ಗಂಟಿಕ್ಕದ ಹೆಂಗಸು. ಡ್ರಮ್ಮುಗಳನ್ನು ಕಂಡು ಬಾಗಿಲಲ್ಲೇ ನಿಂತಳು.

"ಟೆರಿ ಫೋನ್ ಮಾಡಿದ್ದ ಕಣೇ! ಸೂಪ್‌ಗೆ ಬಾರಿಸಿದ ಕೈಯೇ ಬೇಕಂತೆ. ಬೇರೆ ಯಾರಿಗೂ ಬರ್ತಿಲ್ವಂತೆ!"

ಗ್ಲೆಂಡಾ ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ನಿಧಾನವಾಗಿ ಕೂತಳು. "ನೀನೇನಂದೆ?"

"ನಾನೇನನ್ನೋದು? ಅಂಗಡಿಗೆ ಆರು ವಾರ ರಜಾ ಹಾಕಿ ಬಂದೆ."

"ಅಯ್ಯೋ ದೇವರೇ. ಆರಿನ್, ನಿಂಗೊಂದು ಮಾತು ಹೇಳ್ಬೇಕು. ಯಾವತ್ತೋ ಹೇಳ್ಬೇಕಿತ್ತು..."

ಅಷ್ಟರಲ್ಲಿ ಮನೆ ಮುಂದೆ ಕಾರುಗಳ ಸಾಲು. ವರ್ನಾ ಬೀಳ್ಕೊಡುಗೆ ಏರ್ಪಡಿಸಿಬಿಟ್ಟಿದ್ದಳು. ಹಾರ್ಲನ್, ವಾಲ್ಟ್ ದಂಪತಿ, ಯಕೃತ್ತಿನ ಬಣ್ಣವನ್ನು ಕ್ಷಮಿಸಿ ಬಂದಿದ್ದ ಮಿಸೆಸ್ ಹೋಚ್, ಅವರ ಕೈಯಲ್ಲಿ 'ಆರಿನ್‌ಗೆ ಶುಭವಾಗಲಿ' ಅಂತ ಕೆನೆಯಲ್ಲಿ ಬರೆದ ಕೇಕು. ಎಲ್ಲರೂ ಅಡುಗೆಮನೆಗೆ ನುಗ್ಗಿ, ತಟ್ಟೆ ಹುಡುಕುವ ಹೊತ್ತಿಗೆ ಸರಿಯಾಗಿ ಫೋನು ಹೊಡೆದುಕೊಂಡಿತು.

ಆರಿನ್ ಎರಡು ಕುರ್ಚಿ ದಾಟಿ ಹಾರಿ ಹಿಡಿದುಕೊಂಡ. "ಟೆರಿ!"

"ಆರಿನ್! ಚೆನ್ನಾಗಿದ್ದೀಯಾ? ಹೆಂಗಿದೆ ಬಣ್ಣದ ವ್ಯಾಪಾರ?"

"ನಾನು ರೆಡಿ ಟೆರಿ! ಯಾವತ್ತು ಹೊರಡೋದು?"

"ಅದೂ... ಗ್ಲೆಂಡಾ ಇದ್ದಾಳಾ?"

"ಗ್ಲೆಂಡಾ ಯಾಕೆ?"

"ಅವಳು ನಿಂಗೆ ಹೇಳೇ ಇಲ್ವಾ?" ಅಂದ ಟೆರಿ.

ಆರಿನ್ ಫೋನನ್ನು ಎದೆಗೆ ಒತ್ತಿಕೊಂಡು ಹೆಂಡತಿಯ ಕಡೆ ತಿರುಗಿದ. ಬಂದಿದ್ದ ಐದು ಜನ ತಟ್ಟೆ ಹುಡುಕುವುದನ್ನು ಬಿಟ್ಟು ನೋಡುತ್ತಿದ್ದರು. ಗ್ಲೆಂಡಾ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗಂಡನ ಹತ್ತಿರ ಬಂದಳು.

"ಆ ರೆಕಾರ್ಡಿಂಗಿಗೆ ನೀನು ಎರಡೇ ದಿನ ಇದ್ದೆ, ನೆನಪಿದೆಯಾ? ರಜಾ ಮುಗೀತು ಅಂತ ಅಂಗಡಿಗೆ ವಾಪಸ್ ಬಂದೆ. ನೀನು ಬಾರಿಸಿದ್ದು ತಾಳಕ್ಕೆ ಕೂರ್ತಾ ಇರ್ಲಿಲ್ಲ. ನಾನು ಹೈಸ್ಕೂಲ್ ಬ್ಯಾಂಡಿನಲ್ಲಿ ನಾಲ್ಕು ವರ್ಷ ಡ್ರಮ್ ಹೊಡೆದವಳು. ಟೆರಿ ಕೇಳ್ದ. ಉಳಿದ ನಾಲ್ಕು ದಿನದಲ್ಲಿ ಎಲ್ಲಾನೂ ಮತ್ತೆ ಬಾರಿಸಿದೆ. ನಿಂಗೆ ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ರೆಕಾರ್ಡು ಕೇಳಿ, 'ಎಷ್ಟು ಚೆನ್ನಾಗಿ ಬಾರಿಸಿದ್ದೀನಲ್ಲ ಕಣೇ' ಅಂತ ಅತ್ತುಬಿಟ್ಟೆ. ಆಮೇಲೆ ಬಾಯೇ ಬರ್ಲಿಲ್ಲ."

"ನಾಲ್ಕನೇ ಹಾಡೂ?"

"ಅದೂ."

"ಮತ್ತೆ... ನಾನು ಬಾರಿಸಿದ್ದು ಒಂದೂ ಇಲ್ವಾ ಅದ್ರಲ್ಲಿ?"

ಗ್ಲೆಂಡಾ ಯೋಚಿಸಿದಳು. ಸುಳ್ಳು ಹೇಳಲು ಈಗ ಅವಳಿಗೆ ಇಷ್ಟವಿರಲಿಲ್ಲ. "ಮೊದಲನೇ ಹಾಡಿನ ಶುರುವಿನಲ್ಲಿ ಒಂದು ಕೆಮ್ಮಿದೆ ನೋಡು. ಅದು ನಿಂದೇ."

ವರ್ನಾ "ಪಾಪ," ಅಂದಳು. ವಾಲ್ಟ್ ತನ್ನ ಬೂಟುಗಳನ್ನು ನೋಡಿಕೊಂಡ.

ಆರಿನ್ ಹೆಂಡತಿಯ ಕೈಯನ್ನೇ ನೋಡಿದ. ಹನ್ನೊಂದು ವರ್ಷ ಬಸ್ಸಿನ ಸ್ಟೀರಿಂಗ್ ಹಿಡಿದ ಕೈ. ಆ ಕೈಬೆರಳುಗಳು ಈಗ ಮೇಜಿನ ಅಂಚಿನ ಮೇಲೆ ತಮ್ಮಷ್ಟಕ್ಕೆ ತಾವೇ ಏನೋ ಕುಟ್ಟುತ್ತಿದ್ದವು, ಒಂದಿಷ್ಟೂ ಆಚೀಚೆಯಾಗದೆ.

"ನಿಂಗೆ ಹೋಗೋ ಆಸೆ ಇದೆಯಾ?"

"ತುಂಬಾ," ಅಂದಳು ಅವಳು. ಅವಳ ಕಣ್ಣಲ್ಲಿ ನೀರಿತ್ತು.

"ಹೋಗು ಮತ್ತೆ."

ಆ ಮಾತು ಹೇಳುವುದು ಅವನಿಗೆ ಸುಲಭವಾಗಲಿಲ್ಲ. ಆದರೂ ಹೇಳಿದ. ಹಾರ್ಲನ್ ವ್ಯವಹಾರಸ್ಥ, ಆಗಲೇ ಚಾಕು ತೆಗೆದುಕೊಂಡು ಕೇಕಿನ ಮೇಲಿನ ಹೆಸರನ್ನು ಹೆರೆಯುತ್ತಿದ್ದ. "ಗ್ಲೆಂಡಾ ಅಂತ ಬರೆಯೋಕೆ ಜಾಗ ಸಾಕಾ?"

"ಹಾರ್ಲನ್," ಆರಿನ್ ತಗ್ಗಿದ ದನಿಯಲ್ಲಿ ಕೇಳಿದ, "ನಾಳೆ ನಾನು ಎಂಟಕ್ಕೇ ಬರ್ಲಾ?"

"ನಾಳೆನಾ? ಕರ್ಟಿಸ್ ಇದ್ದಾನಲ್ಲ. ಆರು ವಾರ ಅಂತ ನೀನೇ ಅಂದ್ಯಲ್ಲಪ್ಪ. ಅವನನ್ನ ಈಗ ಕಳಿಸಿದ್ರೆ ನಮ್ಮವಳು ನನ್ನನ್ನ ಮನೆಗೆ ಸೇರಿಸ್ತಾಳಾ?"

ಎದೆಗೆ ಒತ್ತಿಕೊಂಡಿದ್ದ ಫೋನಿನೊಳಗಿಂದ "ಹಲೋ? ಹಲೋ?" ಅನ್ನುವ ಸಣ್ಣ ದನಿ ಬರುತ್ತಲೇ ಇತ್ತು. ಆರಿನ್ ಅದನ್ನು ಕಿವಿಗೆ ಹಿಡಿದ. ಗಂಟಲು ಸರಿಮಾಡಿಕೊಂಡ.

"ಟೆರಿ, ಆ ರೆಕಾರ್ಡು ಇದ್ದ ಹಾಗೇ ನುಡಿಸ್ತೀರಲ್ಲ, ಶುರುವಿನ ಆ ಕೆಮ್ಮಿಗೆ ಒಬ್ಬ ಬೇಕಾಗುತ್ತಲ್ವಾ?"

ಟೆರಿ ಒಳ್ಳೆಯ ಮನುಷ್ಯ, ನೋಯಿಸುವುದು ಅವನಿಗೆ ಬೇಕಿರಲಿಲ್ಲ.

"ಬೇಡ ಆರಿನ್," ಅಂದ. "ಅದನ್ನ ಟೇಪಿನಿಂದಲೇ ಹಾಕ್ತೀವಿ."